ರೋಗಕ್ಕೂ ಮೊದಲು ಬರುವ ಬಳಲಿಕೆ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಯಾವುದೇ ಗೊಬ್ಬರದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದೇ ಪ್ರಶ್ನೆ ಹಲವರ ಬಾಯಲ್ಲಿ ಕೇಳಿಬರುತ್ತದೆ. ಒಣಗಿದ ಎಲೆಯನ್ನೋ ಕೊರೆದ ಕಾಯಿಯನ್ನೋ ಹಿಡಿದು ಬಂದವರು ಅದನ್ನು ಮೇಜಿನ ಮೇಲಿಟ್ಟು, "ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಎಂದು ಕೇಳುತ್ತಾರೆ. ಎಣ್ಣಿಯೆಂದರೆ ಇಲ್ಲಿ ಕೀಟನಾಶಕ. ಹುಳ ಕಣ್ಣಿಗೆ ಕಾಣುತ್ತಿರುವಾಗ ಆ ಪ್ರಶ್ನೆ ಸಹಜವೇ. ಆದರೆ ಜೀವಶಾಸ್ತ್ರ ಕಲಿಸುತ್ತ, ಊರಿನ ಹೊಲಗಳನ್ನೂ ಕೊಟ್ಟಿಗೆಗಳನ್ನೂ ನೋಡುತ್ತ ಬಂದಿರುವ ನನಗೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ ಎಂದು ಬಲವಾಗಿ ಅನ್ನಿಸುತ್ತದೆ. ರೋಗ ಕಾಣಿಸಿಕೊಳ್ಳುವ ಮೊದಲಿನ ವಾರಗಳಲ್ಲಿ ಈ ಗಿಡ, ಈ ಎಮ್ಮೆ, ಈ ಮನುಷ್ಯ ಏನನ್ನು ತಾಳಿಕೊಂಡು ಬಂದಿದ್ದರು ಎಂಬುದೇ ಆ ಪ್ರಶ್ನೆ.

ಯಾವ ಜೀವಿಗೂ ಒಂದು ದಿನಕ್ಕೆ ಸಿಗುವ ಶಕ್ತಿಗೆ ಮಿತಿಯಿದೆ. ಗಿಡಕ್ಕೆ ಅದು ಬಿಸಿಲಿನಿಂದ ಎಲೆಗಳು ಮಾಡಿಕೊಂಡ ಸಕ್ಕರೆ, ದನಕ್ಕೆ ತಿಂದ ಮೇವು, ನಮಗೆ ಉಂಡ ರೊಟ್ಟಿ. ಬೆಳವಣಿಗೆ, ಸಂತಾನ, ಸವೆದ ಅಂಗಾಂಶದ ದುರಸ್ತಿ, ರೋಗಾಣುವಿನೊಡನೆ ಹೋರಾಟ, ಎಲ್ಲವೂ ಆ ಮಿತಿಯೊಳಗೇ ನಡೆಯಬೇಕು. ಒಂದೇ ಸಂಬಳದ ಮನೆಗೆ ಆಸ್ಪತ್ರೆಯ ಖರ್ಚು ಬಂದಾಗ ಮಕ್ಕಳ ಬಟ್ಟೆ, ಮನೆಯ ಸುಣ್ಣಬಣ್ಣ ಮುಂದಿನ ತಿಂಗಳಿಗೆ ಹೋಗುವಂತೆ, ಒತ್ತಡಕ್ಕೆ ಸಿಕ್ಕ ಜೀವಿಯೂ ಇವತ್ತು ಬದುಕಿ ಉಳಿಯಲು ಬೇಕಿಲ್ಲದ ಕೆಲಸಗಳನ್ನು ಮುಂದಕ್ಕೆ ಹಾಕುತ್ತದೆ. ಆಗ ಹಾಲು ಇಳಿಯುತ್ತದೆ, ತೆನೆ ಸಣ್ಣದಾಗುತ್ತದೆ, ಬೆದೆ ತಪ್ಪುತ್ತದೆ, ಗಾಯ ಮಾಯಲು ತಡವಾಗುತ್ತದೆ. ಇವು ಯಾವುವೂ ಇನ್ನೂ ರೋಗವಲ್ಲ. ಆದರೆ ಇವು ಕಾಣಿಸಿಕೊಂಡ ಜೀವಿಯಲ್ಲಿ ರೋಗಕ್ಕೆ ಜಾಗ ತಯಾರಾಗಿರುತ್ತದೆ. ಬರ, ಬಿಸಿಲು, ಉಪ್ಪುಗಳನ್ನು ನಿರ್ಜೀವ ಮೂಲದ ಒತ್ತಡಗಳೆಂದೂ, ಹುಳ, ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್, ಕಸಗಳನ್ನು ಜೈವಿಕ ಒತ್ತಡಗಳೆಂದೂ ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆ. ಹೊಲದಲ್ಲಿ ಮಾತ್ರ ಅವು ಬೇರೆಯಾಗಿ ಬರುವುದು ಅಪರೂಪ. ಒಂದು ಬಂದು ಇನ್ನೊಂದಕ್ಕೆ ಬಾಗಿಲು ತೆಗೆದು ಕೊಡುತ್ತದೆ.

ಇದನ್ನು ತೋರಿಸಲು ನಮ್ಮ ಹಿಂಗಾರಿ ಬಿಳಿಜೋಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯರಿ ಹೊಲಗಳಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಮುಂಗಾರಿನ ಕೊನೆಯ ಮಳೆಗಳ ತೇವವನ್ನೇ ನಂಬಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುವ ಈ ಜೋಳಕ್ಕೆ ಆಮೇಲೆ ಮಳೆ ಸಿಗುವುದು ಅದೃಷ್ಟದ ಮಾತು. ತೆನೆ ಹೊರಬಂದು ಕಾಳಿನಲ್ಲಿ ಹಾಲು ತುಂಬುವ ಹೊತ್ತಿಗೆ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಬೇರು ಆಳದ ತೇವಕ್ಕೆ ಇಳಿದಿರುತ್ತದೆ. ನೀರು ಸಾಲದೆಂಬ ಸುದ್ದಿಯನ್ನು ಬೇರು ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನಿನ ಮೂಲಕವೂ ಎಲೆಗೆ ಮುಟ್ಟಿಸುತ್ತದೆ. ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ. ನೀರು ಉಳಿಯುತ್ತದೆ, ಆದರೆ ಅದೇ ಬಾಗಿಲಿನಿಂದ ಒಳಬರಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ನಿಲ್ಲುತ್ತದೆ, ಸಕ್ಕರೆಯ ತಯಾರಿಕೆ ಕುಸಿಯುತ್ತದೆ. ಇತ್ತ ತೆನೆಯ ಬೇಡಿಕೆ ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಎಲೆಯಿಂದ ಸಿಗದ ಸಕ್ಕರೆಯನ್ನು ಗಿಡ ತನ್ನ ದಂಟಿನಿಂದಲೂ ಬೇರಿನಿಂದಲೂ ಎಳೆದು ಕಾಳಿಗೆ ಕೊಡುತ್ತದೆ. ತಾನು ಉಳಿಯದಿದ್ದರೂ ಬೀಜ ಉಳಿಯಲಿ ಎಂಬ ಈ ಏರ್ಪಾಡು ವರ್ಷಕ್ಕೊಮ್ಮೆ ಸಾಯುವ ಹುಲ್ಲಿನ ಜಾತಿಗೆ ತಕ್ಕುದೇ ಆಗಿದೆ. ಆದರೆ ಬರಿದಾದ ದಂಟಿನ ಬುಡದ ಜೀವಕೋಶಗಳು ತಮ್ಮನ್ನು ತಾವು ಕಾಪಾಡಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡು ಬೇಗ ಮುಪ್ಪಾಗುತ್ತವೆ.

ಆಗ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಮ್ಯಾಕ್ರೋಫೋಮಿನಾ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಗೆ ಬರುತ್ತದೆ. ಇದು ಬರುವುದು ಇದ್ದಿಲು ಕೊಳೆ ರೋಗವಾಗಿ. ಜನವರಿಯ ಕೊನೆಯಲ್ಲಿ ಹೊಲಕ್ಕೆ ಹೋದರೆ ಮೇಲಿನಿಂದ ತೆನೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ಗಾಳಿ ಬೀಸಿದರೆ ಸಾಲಿಗೆ ಸಾಲೇ ಬುಡದ ಹತ್ತಿರ ಮಡಚಿ ಮಲಗುತ್ತದೆ. ಅಂಥ ಒಂದು ದಂಟನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿ ನೋಡಿದವರಿಗೆ ಈ ರೋಗದ ಪರಿಚಯ ಬೇರೆ ಬೇಕಿಲ್ಲ. ಒಳಗಿನ ರಸವತ್ತಾದ ಬೆಂಡು ಇರುವುದೇ ಇಲ್ಲ. ಬಿಡಿಬಿಡಿಯಾದ ನಾರಿನ ಎಳೆಗಳಷ್ಟೇ ಉಳಿದಿರುತ್ತವೆ. ಆ ಎಳೆಗಳ ಮೇಲೆ ಉಗುರಿನಿಂದ ಕೆರೆದರೆ ಮಾತ್ರ ಬೇರೆ ಬೇರೆಯಾಗಿ ಕಾಣುವಷ್ಟು ಸಣ್ಣ ಕರಿಚುಕ್ಕೆಗಳು ಒತ್ತೊತ್ತಾಗಿ ಕೂತಿರುತ್ತವೆ, ಬೆರಳಿಗೆ ಮಸಿ ಹತ್ತುತ್ತದೆ. ಆ ಚುಕ್ಕೆಗಳೇ ಮುಂದಿನ ವರ್ಷಗಳಿಗೆ ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರದ ಗಂಟುಗಳು. ಐನೂರರಷ್ಟು ಸಸ್ಯಜಾತಿಗಳ ಮೇಲೆ ಬದುಕಬಲ್ಲ ಈ ಶಿಲೀಂಧ್ರವೇ ಕಡಲೆಯ ಒಣ ಬೇರುಕೊಳೆಗೂ ಕಾರಣ. ಆದ್ದರಿಂದ ಜೋಳ ಬಿಟ್ಟು ಕಡಲೆ ಹಾಕಿದರೆ ತಪ್ಪಿಸಿಕೊಳ್ಳಬಹುದು ಎನ್ನುವಂತಿಲ್ಲ.

ಇಲ್ಲಿ ಗಮನಿಸಬೇಕಾದುದು ಏನೆಂದರೆ, ಶಿಲೀಂಧ್ರ ಅದೇ ಹೊಲದಲ್ಲಿ ಹಿಂದಿನ ವರ್ಷವೂ ಇತ್ತು, ಬಿತ್ತಿದ ದಿನವೂ ಇತ್ತು. ಹೂವಾಡುವ ಹೊತ್ತಿಗೆ ಒಂದು ಒಳ್ಳೆಯ ಮಳೆ ಬಿದ್ದ ವರ್ಷ ಅದರ ಸುದ್ದಿಯೇ ಇರುವುದಿಲ್ಲ. ಹೊಸ ವಿಷ ಹುಡುಕುವುದಕ್ಕಿಂತ, ಕಾಳು ತುಂಬುವ ಹೊತ್ತಿನಲ್ಲಿ ಕೃಷಿಹೊಂಡದಿಂದ ಒಂದು ನೀರು ಕೊಡುವುದು, ಬಿತ್ತನೆಯ ಸಾಂದ್ರತೆಯನ್ನು ತೇವಕ್ಕೆ ತಕ್ಕಂತೆ ಇಳಿಸುವುದು, ಒಣಭೂಮಿಯಲ್ಲಿ ಯೂರಿಯಾದ ಕೈ ಬಿಗಿ ಹಿಡಿಯುವುದು ಈ ರೋಗಕ್ಕೆ ಹೆಚ್ಚು ಪರಿಣಾಮಕಾರಿ ಎಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ತೆನೆ ದೊಡ್ಡದಾದಷ್ಟೂ ದಂಟಿನ ಮೇಲಿನ ಎಳೆತ ಹೆಚ್ಚಾಗುವುದರಿಂದ ಹೆಚ್ಚು ಇಳುವರಿಯ ಸಂಕರಣ ತಳಿಗಳಲ್ಲಿ ಬೀಳುವಿಕೆ ಹೆಚ್ಚು ಕಾಣುತ್ತದೆ. ನಮ್ಮ ಹಿರಿಯರು ಮಾಲದಂಡಿಯನ್ನು, ಅಂದರೆ ಎಂ 35-1 ಅನ್ನು, ಬಿಟ್ಟುಕೊಡದೆ ಹಿಡಿದುಕೊಂಡದ್ದರ ಹಿಂದೆ ರೊಟ್ಟಿಯ ರುಚಿ, ದನದ ಮೇವು ಇವುಗಳ ಜೊತೆಗೆ ಈ ಅನುಭವವೂ ಇತ್ತೆಂದು ನಾನು ನಂಬುತ್ತೇನೆ. ಬರದಲ್ಲೂ ಕೊನೆಯವರೆಗೆ ಎಲೆಯನ್ನು ಹಸಿರಾಗಿ ಉಳಿಸಿಕೊಳ್ಳುವ ಗುಣವುಳ್ಳ ಜೋಳಗಳನ್ನು ತಳಿವಿಜ್ಞಾನಿಗಳು ಹುಡುಕುತ್ತಿರುವುದೂ ಎಲೆ ಬದುಕಿದ್ದರೆ ದಂಟು ಬರಿದಾಗುವುದಿಲ್ಲವೆಂಬ ಲೆಕ್ಕದಿಂದಲೇ.

ನೀರಾವರಿಯ ಭಾಗಕ್ಕೆ ಬಂದರೆ ಒತ್ತಡದ ಬಣ್ಣ ಬೇರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದಾಗ, ಬರವನ್ನು ತಡೆಯುವಷ್ಟು ತೆಳುವಾಗಿ ಹೆಚ್ಚು ಭೂಮಿಗೆ ನೀರು ಹಂಚುವುದು ಯೋಜನೆಯ ಉದ್ದೇಶವಾಗಿತ್ತು. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳೇ ಅದರ ಮನಸ್ಸಿನಲ್ಲಿದ್ದವು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನೆಲೆಯೂರಿತು, ಕೊನೆ ಭಾಗದವರು ನೀರಿಗಾಗಿ ಕಾಯುವಂತಾಯಿತು. ಬಸಿದು ಹೋಗಲು ದಾರಿಯಿಲ್ಲದ ಕಪ್ಪು ಮಣ್ಣಿನಲ್ಲಿ ವರ್ಷಕ್ಕೆ ಎರಡು ಸಲ ನೀರು ನಿಂತಾಗ ಅಂತರ್ಜಲ ಮೇಲೆದ್ದು, ಅದರೊಂದಿಗೆ ಬಂದ ಲವಣ ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿಯ ಪದರವಾಗಿ ಕೂರುತ್ತದೆ. ಸವಳು–ಜವಳು ಎಂದು ನಾವು ಕರೆಯುವ ಈ ಭೂಮಿ ಈಗ ಅಚ್ಚುಕಟ್ಟು ಪ್ರದೇಶದಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆಯೇ ದೀರ್ಘಕಾಲದಿಂದ ಕೆಲಸ ಮಾಡುತ್ತ ಬಂದಿದೆ.

ಉಪ್ಪು ಗಿಡಕ್ಕೆ ಎರಡು ಹಂತದಲ್ಲಿ ಪೆಟ್ಟು ಕೊಡುತ್ತದೆ. ಮೊದಲನೆಯದು ನೀರು ಇದ್ದೂ ಇಲ್ಲದಂತಾಗುವ ಹಂತ: ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಷ್ಟೂ ಅದನ್ನು ಬೇರಿನೊಳಗೆ ಎಳೆದುಕೊಳ್ಳುವುದು ಕಷ್ಟವಾಗುತ್ತದೆ, ಹೊಸ ಎಲೆಗಳು ಸಣ್ಣದಾಗಿ ನಿಧಾನವಾಗಿ ಬರುತ್ತವೆ. ಎರಡನೆಯದು ವಾರಗಳ ನಂತರದ್ದು: ಹಳೆಯ ಎಲೆಗಳಲ್ಲಿ ಸೋಡಿಯಂ ಶೇಖರವಾಗಿ, ಪೊಟ್ಯಾಸಿಯಂ ಮಾಡಬೇಕಾದ ಕೆಲಸಗಳಿಗೆ ಅಡ್ಡ ಬಂದು, ಎಲೆಯ ತುದಿ ಸುಡುತ್ತದೆ. ಸೋಡಿಯಂ ಅನ್ನು ಜೀವಕೋಶದಿಂದ ಹೊರಗೆ ತಳ್ಳಲು ಗಿಡ ದಿನವೂ ಶಕ್ತಿ ಸುರಿಯಬೇಕಾಗುತ್ತದೆ, ಆ ಶಕ್ತಿ ತೆನೆಯ ಪಾಲಿನದು. ಮಣ್ಣಿನಲ್ಲಿ ಲವಣ ಎಷ್ಟಿದೆ ಎಂಬುದನ್ನು ಅದರ ಸಾರದ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದು ಮೀಟರಿಗೆ 3 ಡೆಸಿಸೀಮನ್ಸ್ ದಾಟಿದ ಮೇಲೆ ಪ್ರತಿ ಒಂದು ಏರಿಕೆಗೆ ಭತ್ತದ ಇಳುವರಿ ಸುಮಾರು ಶೇಕಡಾ 12ರಷ್ಟು ಇಳಿಯುತ್ತದೆ ಎಂಬುದು ಜಗತ್ತಿನಾದ್ಯಂತ ಬಳಸುವ ಲೆಕ್ಕ, ಹತ್ತಿ 7.7ರವರೆಗೂ ತಡೆದುಕೊಳ್ಳುತ್ತದೆ. ಸವಳು ಹತ್ತಿದ ಮಡಿಯಲ್ಲಿ ಬೆಳೆ ಹಳದಿಯಾದುದನ್ನು ಕಂಡು ಯೂರಿಯಾ ಚೀಲ ಹೊತ್ತು ತರುವುದು ನಮ್ಮಲ್ಲಿ ಮಾಮೂಲಾಗಿದೆ. ಹೆಚ್ಚಾದ ಸಾರಜನಕದಿಂದ ಎಲೆ ಮೃದುವಾಗಿ ರಸ ತುಂಬಿಕೊಂಡಾಗ ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಅದು ಹಬ್ಬ. ಆಗ ಮತ್ತೆ ಎಣ್ಣೆ ಬರುತ್ತದೆ. ಮೂಲದಲ್ಲಿದ್ದದ್ದು ಬಸಿಗಾಲುವೆ ಇಲ್ಲದ ಹೊಲ.

ಬೇಸಿಗೆ ಭತ್ತದ ಜೊಳ್ಳಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಭತ್ತದ ಹೂವು ಬೆಳಗಿನ ಹೊತ್ತು ಒಂದೆರಡು ತಾಸು ಮಾತ್ರ ತೆರೆದಿರುತ್ತದೆ. ಆ ಹೊತ್ತಿಗೆ ಉಷ್ಣಾಂಶ 35 ಡಿಗ್ರಿ ದಾಟಿದ್ದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಪರಾಗ ಮೊಳೆಯುವುದಿಲ್ಲ, ಆ ಕಾಳು ಅಲ್ಲಿಗೇ ಜೊಳ್ಳು. ಕಾಲುವೆಗೆ ನೀರು ಬಿಡುವುದು ತಡವಾಗಿ ನಾಟಿ ತಡವಾದರೆ ಹೂವಾಡುವಿಕೆ ನೇರವಾಗಿ ಏಪ್ರಿಲ್ಲಿನ ಬಿಸಿಲಿಗೆ ಹೋಗಿ ಬೀಳುತ್ತದೆ. ಹಗಲಿನಷ್ಟೇ ರಾತ್ರಿಯ ಸೆಕೆಯೂ ಮುಖ್ಯ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ ಒಂದು ಡಿಗ್ರಿ ಏರಿದಾಗ ಇಳುವರಿ ಸುಮಾರು ಶೇಕಡಾ 10ರಷ್ಟು ಕಡಿಮೆಯಾಗಿದ್ದನ್ನು ತೋರಿಸಿತು. ಸೆಕೆಯ ರಾತ್ರಿಯಲ್ಲಿ ಗಿಡದ ಉಸಿರಾಟ ಹೆಚ್ಚಾಗಿ, ಹಗಲಿನಲ್ಲಿ ದುಡಿದ ಸಕ್ಕರೆ ಖರ್ಚಾಗುವುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ರಾತ್ರಿಯ ಮಾತಿಗೆ ಮತ್ತೆ ಬರುತ್ತೇನೆ.

ಪ್ರಾಣಿಗಳ ದೇಹದಲ್ಲಿ ಒತ್ತಡ ಏನು ಮಾಡುತ್ತದೆ ಎಂಬುದನ್ನು ಮೊದಲು ಒಂದು ಚೌಕಟ್ಟಿನಲ್ಲಿಟ್ಟು ತೋರಿಸಿದವರು ಹಾನ್ಸ್ ಸೆಲ್ಯೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದ ಅವರು 1936ರಲ್ಲಿ ನೇಚರ್ ಪತ್ರಿಕೆಗೆ ಬರೆದ ಚಿಕ್ಕ ಪತ್ರದಲ್ಲಿ, ಚಳಿಯಾಗಲಿ, ಗಾಯವಾಗಲಿ, ಅತಿಯಾದ ದಣಿವಾಗಲಿ, ವಿಷವಾಗಲಿ, ಕಾರಣ ಯಾವುದೇ ಇದ್ದರೂ ಇಲಿಯ ದೇಹದಲ್ಲಿ ಕಾಣುವ ಬದಲಾವಣೆಗಳು ಒಂದೇ ಬಗೆಯವು ಎಂದು ತೋರಿಸಿದರು: ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ, ರೋಗನಿರೋಧಕ ಕಣಗಳು ಬೆಳೆಯುವ ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣುಗಳಾಗುತ್ತವೆ. ಮೊದಲು ಎಚ್ಚರಿಕೆ, ಆಮೇಲೆ ತಡೆದುಕೊಳ್ಳುವಿಕೆ, ಕೊನೆಗೆ ಬಳಲಿಕೆ ಎಂಬ ಅವರ ಮೂರು ಹಂತಗಳನ್ನು ಇಂದಿನ ವಿಜ್ಞಾನ ಹಾಗೆಯೇ ಒಪ್ಪುವುದಿಲ್ಲ. ಎಲ್ಲ ಒತ್ತಡಕ್ಕೂ ದೇಹ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲವೆಂದು ಈಗ ಗೊತ್ತಾಗಿದೆ. ಆದರೆ ಅವರು ತೋರಿದ ದಾರಿ ಉಳಿದಿದೆ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್ಲಿಗೆ ಸಂದೇಶ ಕಳಿಸುತ್ತದೆ. ಅಡ್ರಿನಲ್‌ನಿಂದ ಬರುವ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತದಲ್ಲಿ ಸಕ್ಕರೆಯನ್ನು ಏರಿಸಿ, ಜೀರ್ಣ, ಸಂತಾನ, ರೋಗನಿರೋಧದ ಕೆಲಸಗಳನ್ನು ಸದ್ಯಕ್ಕೆ ತಗ್ಗಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದ ಹತ್ತು ನಿಮಿಷಕ್ಕೆ ಇದು ಸರಿಯಾದ ವ್ಯವಸ್ಥೆ. ಎರಡು ತಿಂಗಳ ಬಿಸಿಲಿಗೆ, ಮೂರು ವರ್ಷದ ಸಾಲಕ್ಕೆ ಇದೇ ವ್ಯವಸ್ಥೆ ನಿಲ್ಲದೆ ನಡೆಯುತ್ತಿದ್ದರೆ ತಡೆದುಕೊಂಡದ್ದರ ಸವೆತವೇ ದೇಹದಲ್ಲಿ ಕೂಡುತ್ತ ಹೋಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ಬ್ರೂಸ್ ಮೆಕೆವನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ ವಿವರಿಸಿದರು.

ಆ ಸವೆತವನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಮೇ ತಿಂಗಳ ಮಧ್ಯಾಹ್ನ ತಗಡಿನ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯ ಮುಂದೆ ಕೂತರೆ ಸಾಕು. ಕರಿಯ ಚರ್ಮ ಬಿಸಿಲನ್ನು ಹೀರುತ್ತದೆ, ಮೈಮೇಲೆ ಕೂದಲು ವಿರಳ, ಬೆವರಿನ ಗ್ರಂಥಿಗಳು ಆಕಳಿಗೆ ಇರುವುದರ ಸುಮಾರು ಆರನೇ ಒಂದು ಭಾಗ ಮಾತ್ರ. ಕೆರೆ–ಹೊಂಡದ ಕೆಸರಿಗಾಗಿ ರೂಪುಗೊಂಡ ಪ್ರಾಣಿಯನ್ನು ನಾವು ಸಿಮೆಂಟು ನೆಲದ ಮೇಲೆ, ತಲೆಯಿಂದ ಮೂರು ಮೊಳ ಎತ್ತರದ ತಗಡಿನ ಕೆಳಗೆ ನಿಲ್ಲಿಸಿದ್ದೇವೆ. ಪಕ್ಕೆ ಬೇಗ ಬೇಗ ಏರಿಳಿಯುತ್ತದೆ, ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಬಾಯಿಂದ ಜೊಲ್ಲು ಎಳೆಯಾಗಿ ಗೋದಲಿಗೆ ಇಳಿಯುತ್ತಿರುತ್ತದೆ, ಮುಂದೆ ಹಾಕಿದ ಭತ್ತದ ಹುಲ್ಲು ಹಾಗೆಯೇ ಇರುತ್ತದೆ. ನಮ್ಮ ಓಣಿಯ ದೊಡ್ಡವ್ವ ಕಳೆದ ಬೇಸಿಗೆಯಲ್ಲಿ ನನ್ನನ್ನು ಕರೆದು, "ತಮ್ಮಾ, ಇದು ಮೇವು ಮುಟ್ಟವಲ್ದು. ಹಾಲು ಅರ್ಧಕ್ಕ ಬಂದೈತಿ. ಯಾರರ ಕಣ್ಣು ಹತ್ತೇತೋ ಏನೋ" ಎಂದಳು. "ಕಣ್ಣಲ್ಲಬೇ ದೊಡ್ಡವ್ವ, ತಗಡಿನ ಕಾವು ಅದು. ಹುಲ್ಲು ಹಗಲಿ ಹಾಕಬ್ಯಾಡ, ಹೊತ್ತು ಮುಳುಗಿದ ಮ್ಯಾಲ ಹಾಕಿ ನೋಡಬೇ" ಎಂದೆ.

ಎಮ್ಮೆ ಮೇವು ಬಿಡುವುದರ ಹಿಂದೆ ಒಂದು ಲೆಕ್ಕವಿದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ನಾರು ಹುದುಗುವಾಗ ಶಾಖ ಹುಟ್ಟುತ್ತದೆ. ಒಣ ಹುಲ್ಲಿನಂಥ ಒರಟು ಮೇವಿಗೆ ಆ ಶಾಖ ಹೆಚ್ಚು. ಹೊರಗೆ 42 ಡಿಗ್ರಿ ಇರುವಾಗ ಒಳಗೂ ಒಲೆ ಹೊತ್ತಿಸಿಕೊಳ್ಳದಿರಲು ಅದು ತಿನ್ನುವುದನ್ನು ನಿಲ್ಲಿಸುತ್ತದೆ. ಮೇವು ಇಳಿದರೆ ಹಾಲು ಇಳಿಯುವುದು ಸಹಜ, ಆದರೆ ಬಿಸಿಲಿನಲ್ಲಿ ಕಡಿಮೆಯಾದ ಹಾಲಿನಲ್ಲಿ ಅರ್ಧದಷ್ಟನ್ನು ಮಾತ್ರ ಮೇವಿನ ಕೊರತೆಯಿಂದ ವಿವರಿಸಬಹುದೆಂದು ಹಸುಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಉಳಿದದ್ದು ದೇಹ ತನ್ನ ಸಕ್ಕರೆಯ ಬಳಕೆಯನ್ನೇ ಬದಲಿಸಿಕೊಂಡದ್ದರ ಫಲ. ಜೋರಾಗಿ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಅದನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬೊನೇಟನ್ನು ಹೊರಹಾಕುತ್ತದೆ. ಜೊಲ್ಲಿನ ಜೊತೆಗೂ ಅದು ನೆಲದ ಪಾಲಾಗುತ್ತದೆ. ಹೊಟ್ಟೆಯ ಹುಳಿಯನ್ನು ಹದದಲ್ಲಿಡಬೇಕಾದ ಕ್ಷಾರ ಕಡಿಮೆಯಾಗಿ ಜೀರ್ಣ ಕೆಡುತ್ತದೆ. ಬೆದೆಯ ಹಾರ್ಮೋನುಗಳು ತಗ್ಗಿ, ಬೇಸಿಗೆಯ ಎಮ್ಮೆ ಕೂಗದೆ, ಒದ್ದಾಡದೆ, ಗುರುತು ತೋರದೆ ಬೆದೆಗೆ ಬಂದು ಹೋಗುತ್ತದೆ. ತೋರಿದರೂ ಅದು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ, ನಾವು ಮಲಗಿರುವಾಗ. ಗಬ್ಬ ನಿಲ್ಲಲಿಲ್ಲವೆಂದು ಅದನ್ನು ಸಂತೆಗೆ ಹೊಡೆಯುವ ಮೊದಲು ನೋಡಬೇಕಾದದ್ದು ತಗಡನ್ನು. ತಗಡಿನ ಮೇಲೆ ತೊಗರಿಕಟ್ಟಿಗೆ, ತೆಂಗಿನ ಗರಿ ಹೊದಿಸುವುದು, ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು ಸುರಿಯುವುದು, ಹುಲ್ಲನ್ನು ಸಂಜೆಗೂ ನಸುಕಿಗೂ ಹಂಚುವುದು, ಇವು ಬಡವರ ಕೈಗೂ ಎಟುಕುವ ಉಪಾಯಗಳು. ದೊಡ್ಡವ್ವನ ಎಮ್ಮೆ ರಾತ್ರಿ ಮೇಯತೊಡಗಿತು. ಹಾಲು ಪೂರ್ತಿ ಬರಲಿಲ್ಲ, ಒಂದಿಷ್ಟು ಏರಿತು.

ಕುರಿಯ ವಿಷಯದಲ್ಲಿ ಜೈವಿಕ ಕಾರಣ ಹೊಟ್ಟೆಯೊಳಗೇ ಕೂತಿರುತ್ತದೆ. ಸಿಂಧನೂರು, ಲಿಂಗಸುಗೂರು, ಗಂಗಾವತಿ ಕಡೆಯ ಕೆಂಗುರಿ ಹಿಂಡುಗಳು ಕೊಯ್ಲಾದ ಗದ್ದೆಗಳಿಗೆ ಇಳಿದಾಗ ತೇವದ ಹುಲ್ಲಿನೊಂದಿಗೆ ಹೀಮಾಂಕಸ್ ಎಂಬ ಜಂತಿನ ಮರಿಗಳೂ ಹೊಟ್ಟೆಗೆ ಹೋಗುತ್ತವೆ. ಬೆಳೆದ ಒಂದು ಜಂತು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕುಡಿಯುತ್ತದೆ. ಒಂದು ಸಾವಿರ ಜಂತುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ಒಳ್ಳೆಯ ಮೇವಿನಲ್ಲಿರುವ ಕುರಿ ಒಂದಷ್ಟು ಜಂತುಗಳನ್ನು ಹತೋಟಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತದೆ. ಅದೇ ಕುರಿ ಮರಿ ಹಾಕುವ ಹೊತ್ತಿಗೆ, ಹಾಲಿಗೆ ಶಕ್ತಿ ಹರಿಯಬೇಕಾದಾಗ, ಅದರ ರೋಗನಿರೋಧ ಸಡಿಲಗೊಂಡು ಹಿಕ್ಕೆಯಲ್ಲಿ ಜಂತಿನ ಮೊಟ್ಟೆಗಳು ಒಮ್ಮೆಲೇ ಏರುತ್ತವೆ. ಆ ಮೊಟ್ಟೆಗಳಿಂದ ಬಂದ ಮರಿಗಳೇ ಹುಲ್ಲಿನ ಮೇಲೆ ಅದರ ಕುರಿಮರಿಗಾಗಿ ಕಾದಿರುತ್ತವೆ. ತಾಯಿ ಹಾಲಿಗೆ ಕೊಟ್ಟದ್ದನ್ನು ಜಂತು ಇನ್ನೊಂದು ದಾರಿಯಿಂದ ಮರಿಯಿಂದ ಕಿತ್ತುಕೊಳ್ಳುತ್ತದೆ ಎಂಬ ಈ ಸಂಗತಿ ನನ್ನನ್ನು ಯಾವಾಗಲೂ ಕಲಕುತ್ತದೆ. ಅನುಭವಿ ಕುರಿಗಾರರು ಕುರಿಯ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ, ಒಳಗಿನ ಕೆಂಪು ಎಷ್ಟು ಬಿಳಿಚಿದೆ ಎಂದು ನೋಡುತ್ತಾರೆ. ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದೇ ಪರೀಕ್ಷೆಗೆ ಬಣ್ಣದ ಚೀಟಿಯೊಂದನ್ನು ಮಾಡಿ, ಬಿಳಿಚಿದವಕ್ಕೆ ಮಾತ್ರ ಔಷಧಿ ಕುಡಿಸುವ ಕ್ರಮವನ್ನು ರೂಪಿಸಿದ್ದಾರೆ. ಇಡೀ ಹಿಂಡಿಗೆ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಜಂತುಗಳೇ ಉಳಿಯುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲಸ ಕಡಿಮೆಯಾದುದೆಲ್ಲ ಹಾಳಾದುದರ ಗುರುತಲ್ಲ. ಪತ್ರರಂಧ್ರ ಮುಚ್ಚುವ ಎಲೆ, ಮೇವು ಬಿಡುವ ಎಮ್ಮೆ, ಜ್ವರ ಬಂದು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗುವ ಮಗು, ಇವರೆಲ್ಲ ತಮ್ಮನ್ನು ತಾವು ಕಾಯುತ್ತಿದ್ದಾರೆ. ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ವಾದಿಸಿದ್ದೇ ಇದನ್ನು: ಕಾಯಿಲೆಯ ಪ್ರಾಣಿ ಮಂಕಾಗುವುದು, ತಿನ್ನದಿರುವುದು, ಮುದುಡಿಕೊಳ್ಳುವುದು ಜ್ವರವೆಂಬ ದುಬಾರಿ ಹೋರಾಟಕ್ಕೆ ಶಕ್ತಿ ಉಳಿಸುವ ನಡವಳಿಕೆ. ದೇಹದ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿಸಿ ಇಟ್ಟುಕೊಳ್ಳಲು ದೇಹದ ಶಕ್ತಿಯ ಖರ್ಚು ಶೇಕಡಾ 10ಕ್ಕಿಂತ ಹೆಚ್ಚಾಗುತ್ತದೆ ಎಂಬುದನ್ನು ನೆನೆದರೆ ಆ ಮಗುವನ್ನು ಒತ್ತಾಯದಿಂದ ಎಬ್ಬಿಸಿ ಶಾಲೆಗೆ ಕಳಿಸುವುದು ಯಾಕೆ ತಪ್ಪೆಂದು ಗೊತ್ತಾಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯಲು ಅವಕಾಶ ಸಿಗದಿದ್ದಾಗ, ಒತ್ತಡ ಇಳಿಯದೆ ವಾರಗಟ್ಟಲೆ ಉಳಿದಾಗ, ಕಾಯುವ ಕ್ರಮವೇ ಹಾನಿಯಾಗುತ್ತದೆ.

ಮನುಷ್ಯರಲ್ಲಿ ಇದನ್ನು ಅಳೆದು ತೋರಿಸಿದ ಎರಡು ಅಧ್ಯಯನಗಳನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಒಪ್ಪಿ ಬಂದ ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಹನಿಗಳನ್ನು ಹಾಕಿ ನೋಡಿದರು. ಮಾನಸಿಕ ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗುಲಿದವರ ಪಾಲು ಹೆಚ್ಚಿತ್ತು. 1995ರಲ್ಲಿ ಜಾನಿಸ್ ಕೀಕೋಲ್ಟ್–ಗ್ಲೇಸರ್ ಅವರ ತಂಡ, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಮೇಲೆ ಒಂದು ಚಿಕ್ಕ ಗಾಯ ಮಾಡಿ, ಅದೇ ವಯಸ್ಸಿನ ಬೇರೆ ಮಹಿಳೆಯರೊಂದಿಗೆ ಹೋಲಿಸಿತು. ಆರೈಕೆ ಮಾಡುತ್ತಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ರಾತ್ರಿ ಅತ್ತೆಯ ಹಾಸಿಗೆ ಬದಲಿಸಿ, ಬೆಳಗ್ಗೆ ಕಳೆ ತೆಗೆಯಲು ಹೋಗುವ ನಮ್ಮ ಹೆಣ್ಣುಮಕ್ಕಳ ಬೆರಳಿನ ಗಾಯ ಯಾಕೆ ಮಾಯುತ್ತಿಲ್ಲ ಎಂದು ಕೇಳಿದಾಗ ಮುಲಾಮಿನ ಹೆಸರಿನ ಜೊತೆಗೆ ಅವರ ನಿದ್ದೆಯನ್ನೂ ವಿಚಾರಿಸಬೇಕು.

ಈಗ ರಾತ್ರಿಯ ಮಾತು. ಬಿಸಿಲಿನಲ್ಲಿ ದುಡಿದ ದೇಹ ಸರಿಹೋಗುವುದು ರಾತ್ರಿ, ಹೃದಯದ ಬಡಿತ ಇಳಿದು ಒಳಗಿನ ಉಷ್ಣಾಂಶ ತಗ್ಗಿದಾಗ. ನಮ್ಮ ಭಾಗದಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ತಗಡು, ಸಿಮೆಂಟು ಶೀಟಿನ ಮನೆಗಳೊಳಗೆ ನಡುರಾತ್ರಿ ದಾಟಿದರೂ ಗೋಡೆ ಬಿಸಿಯಾಗಿಯೇ ಇರುತ್ತದೆ. ಅಲ್ಲಿ ಮಲಗಿ ಎದ್ದವರು ನಿನ್ನೆಯ ಬಳಲಿಕೆಯನ್ನು ಹೊತ್ತುಕೊಂಡೇ ಅಕ್ಕಿ ಗಿರಣಿಗೆ ಚೀಲ ಹೊರಲು ಹೋಗುತ್ತಾರೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೇಸಿಗೆಯ ಎರಡು ತಿಂಗಳು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಎಂದು ಸಮಯ ಬದಲಿಸುವ ಪದ್ಧತಿಯಿದೆ. ಅದು ಒಳ್ಳೆಯ ಪದ್ಧತಿ. ಫ್ಯಾನಿನ ಕೆಳಗೆ ಕೂರುವವರಿಗೆ ಇರುವ ಆ ರಿಯಾಯಿತಿ ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವ ಹಮಾಲರಿಗೂ, ಇಟ್ಟಿಗೆ ಭಟ್ಟಿಯವರಿಗೂ ಇರಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ದಿನಗೂಲಿ ಕಡಿಯದೆ ಕೆಲಸವನ್ನು ನಸುಕಿಗೂ ಸಂಜೆಗೂ ಹಂಚಲು ಗಿರಣಿಗಳಿಗೆ ದೊಡ್ಡ ಬಂಡವಾಳವೇನೂ ಬೇಕಿಲ್ಲ.

ಇನ್ನೊಂದು ವಿಷಯ ಕೆಲಸಕ್ಕೆ ಕರೆಯುವವರಿಗೆಲ್ಲ ಗೊತ್ತಿರಬೇಕು. ಬಿಸಿಲಿನ ದುಡಿಮೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗತೊಡಗುತ್ತದೆ, ಅದರಲ್ಲಿ ಹೊರಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ಬಡಿದುಕೊಳ್ಳುವುದಿಲ್ಲ. ಕೆಲವು ವಾರ ನೆರಳಿನಲ್ಲಿ ಕೂತರೆ ಈ ಹೊಂದಾಣಿಕೆ ಅಳಿದು ಹೋಗುತ್ತದೆ. ಹೀಗಾಗಿ ಬಿಸಿಲಿಗೆ ಕುಸಿದು ಬೀಳುವವರಲ್ಲಿ ಹೊಸದಾಗಿ ಬಂದವರು, ಕಾಯಿಲೆಯಿಂದ ಎದ್ದು ಬಂದವರು, ಜಾತ್ರೆ ಮದುವೆ ಮುಗಿಸಿ ಮರಳಿದವರು ಹೆಚ್ಚು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ಹೊಸಬರಿಗೆ ಮೊದಲ ದಿನ ಪೂರ್ಣ ಕೆಲಸದ ಶೇಕಡಾ 20ರಷ್ಟನ್ನು ಮಾತ್ರ ಕೊಟ್ಟು, ಆಮೇಲೆ ದಿನಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಏರಿಸಬಾರದೆಂದು ಸಲಹೆ ಮಾಡಿದೆ. ಅಂದರೆ ಸೋಮವಾರ ಬಂದ ಹುಡುಗನಿಗೆ ಪೂರ್ತಿ ಹೊರೆ ಬರುವುದು ಶುಕ್ರವಾರ. ಕೆಲಸದ ನಡುವೆ ಅವನ ಮಾತು ತೊದಲಿದರೆ, ದಾರಿ ತಪ್ಪಿ ನಡೆದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಮೆದುಳಿಗೆ ಕಾವು ಮುಟ್ಟಿದೆ ಎಂದು ತಿಳಿಯಬೇಕು. ಆಗ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿಸಿ, ಅದು ಬರುವವರೆಗೆ ಕಾಯದೆ, ನೆರಳಿಗೆ ಎಳೆದು, ಅಂಗಿ ಬಿಚ್ಚಿ, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಮಾತ್ರ ನೀರು ಹಾಕಬಾರದು.